‘ಕ’ ಅಕ್ಷರದ ಸಂಖ್ಯೆ ಯಾರ ಸೊತ್ತು?

ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ನೀವು ಕೀಲಿಮಣೆಯಲ್ಲಿ ‘ಕ’ ಒತ್ತಿದಾಗ ಅದರ ನೆನಪಿನಲ್ಲಿ ಉಳಿಯುವುದು ಒಂದು ಸಂಖ್ಯೆ. ಯಾವ ಸಂಖ್ಯೆ? ಅದನ್ನು ನಿರ್ಧರಿಸುವವರು ಯಾರು? ಇದು ಇತ್ಯರ್ಥವಾಗಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು.

ನಾನು ಬಿ.ಎಸ್ಸಿ. ಓದುತ್ತಿದ್ದಾಗ, ಊರ ಕೆರೆಯ ಬಗ್ಗೆ ಅಜ್ಜ ಹೇಳಿದ್ದನ್ನೆಲ್ಲ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಬೆರಳಚ್ಚು ಮಾಡಿಸಿ ಫ್ಲಾಪಿಯಲ್ಲಿ ತಂದಿದ್ದೆ. (ಅಂಗೈಯಗಲದ ಆ ಚೌಕದಲ್ಲಿ ನಿಮ್ಮ ಮೊಬೈಲಿನ ಒಂದು ಫೋಟೋ ಕೂಡ ಹಿಡಿಸದು!) ಕಾಲೇಜಿನ ಗಣಕದಲ್ಲಿ ತೆರೆದರೆ ಪರದೆಯ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು. ಅಂಗಡಿಯವರ ಫಾಂಟ್ ಅಲ್ಲಿರಲಿಲ್ಲ.

ಸರ್ಕಾರ ಸುಮ್ಮನೆ ಕುಳಿತಿರಲಿಲ್ಲ. 1991ರಲ್ಲೇ ಭಾರತೀಯ ಮಾನಕ ಬ್ಯೂರೋ ‘ಇಸ್ಕಿ’ ಎಂಬ ಮಾನಕವನ್ನು ಪ್ರಕಟಿಸಿತ್ತು. ಅದರಲ್ಲಿ ಕನ್ನಡದ ‘ಕ’, ತೆಲುಗಿನ ‘ಕ’, ಹಿಂದಿಯ ‘ಕ’ ಎಲ್ಲಕ್ಕೂ ಒಂದೇ ಸಂಖ್ಯೆ. ಆದರೆ ಮಾನಕ ಕಾಗದದಲ್ಲಿ ಉಳಿದರೆ ಏನು ಬಂತು? ಮಾರುಕಟ್ಟೆ ಸುಲಭದ ದಾರಿ ಹಿಡಿಯಿತು. ಇಂಗ್ಲಿಷ್ ಫಾಂಟಿನ 256 ಮನೆಗಳಲ್ಲಿ ಕನ್ನಡದ ತುಣುಕುಗಳನ್ನು ತುಂಬಿತು. ಒಬ್ಬೊಬ್ಬರು ಒಂದೊಂದು ರೀತಿ ತುಂಬಿದರು. ಆ ಪಟ್ಟಿಯನ್ನು ಎಲ್ಲರೂ ಬಹಿರಂಗಪಡಿಸಲಿಲ್ಲ.

2000ದ ಸುಮಾರಿಗೆ ಕರ್ನಾಟಕ ಸರ್ಕಾರ ಈ ತುಣುಕುಗಳಿಗೊಂದು ಸಮಾನ ಪಟ್ಟಿಯನ್ನೂ ಕೀಲಿಮಣೆಯನ್ನೂ ಗೊತ್ತುಮಾಡಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಬಂದದ್ದು ಹೀಗೆ. ಇದು ದೊಡ್ಡ ಹೆಜ್ಜೆಯೇ. ‘ನುಡಿ’ಯ ಬರಹವನ್ನು ‘ಬರಹ’ ತಂತ್ರಾಂಶದಲ್ಲೂ ಓದುವಂತಾಯಿತು. ಆದರೂ ಗಣಕದ ಮಟ್ಟಿಗೆ ಅದಿನ್ನೂ ಕನ್ನಡವಲ್ಲ. ತಲೆಕಟ್ಟಿಲ್ಲದ ‘ಕ’ 80ನೇ ಮನೆಯಲ್ಲಿ, ಅಂದರೆ ಇಂಗ್ಲಿಷಿನ ‘ಪಿ’ ಇರುವಲ್ಲಿ. ಅದರ ತಲೆಕಟ್ಟು 192ನೇ ಮನೆಯಲ್ಲಿ! ಇಂಥ ಬರಹವನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಅದು ಏನು ಮಾಡೀತು?

ಯೂನಿಕೋಡ್‌ನಲ್ಲಿ ‘ಕ’ಗೆ 3221, ‘ಖ’ಗೆ 3222, ‘ಗ’ಗೆ 3223. ಇಡೀ ಜಗತ್ತಿಗೆ ಇದೇ ಸಂಖ್ಯೆ. ಪಟ್ಟಿ ಬಹಿರಂಗ, ಬಳಕೆಗೆ ಶುಲ್ಕವಿಲ್ಲ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳಿದ್ದವು. ಅದಕ್ಕೆ ಆಧಾರ ನಮ್ಮ ಇಸ್ಕಿಯೇ. ದೋಷವಿಲ್ಲವೆಂದಲ್ಲ. ವರ್ಣಮಾಲೆಯ ಕೊನೆಯಲ್ಲಿರಬೇಕಾದ ‘ಳ’ ಅಲ್ಲಿ ‘ಲ’ದ ಬೆನ್ನಿಗೇ ಕುಳಿತಿದೆ! ಆದರೆ ಪಟ್ಟಿ ತೆರೆದಿರುವುದರಿಂದ, ಕನ್ನಡದ ಅನುಕ್ರಮವನ್ನು ತಂತ್ರಾಂಶಕ್ಕೆ ಯಾರು ಬೇಕಾದರೂ ಹೇಳಿಕೊಡಬಹುದು.

2009ರಲ್ಲಿ ಕೇಂದ್ರ ಸರ್ಕಾರ ಇ-ಆಡಳಿತಕ್ಕೆ ಯೂನಿಕೋಡನ್ನು ಮಾನಕವಾಗಿ ಸ್ವೀಕರಿಸಿತು. 2010ರ ಮುಕ್ತ ಮಾನಕಗಳ ನೀತಿ ಇನ್ನೂ ಮುಂದೆ ಹೋಯಿತು: ಸರ್ಕಾರ ಆರಿಸುವ ಮಾನಕದ ಮೇಲೆ ಪೇಟೆಂಟ್ ಇದ್ದರೂ, ಆ ಮಾನಕ ಇರುವಷ್ಟು ಕಾಲವೂ ಅದಕ್ಕೆ ರಾಯಧನ ಕೇಳಕೂಡದು. ಕೊಳ್ಳುವವನೇ ಷರತ್ತು ಹಾಕಿದ್ದು ಇಲ್ಲಿನ ವಿಶೇಷ. ಅಷ್ಟು ದೊಡ್ಡ ಗಿರಾಕಿಯ ಮಾತನ್ನು ಯಾವ ಕಂಪನಿಯೂ ಸುಲಭವಾಗಿ ತಳ್ಳಿಹಾಕಲಾರದು.

‘ನುಡಿ’ಯ ಹಳೆಯ ಬರಹಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಇಂದು ಉಚಿತವಾಗಿ ಸಿಗುತ್ತವೆ, ಏಕೆಂದರೆ ಅದರ ಪಟ್ಟಿ ಎಲ್ಲರ ಕೈಯಲ್ಲಿದೆ. ನನ್ನ ಫ್ಲಾಪಿಯ ಫಾಂಟಿಗೆ ಅಂಥ ಪಟ್ಟಿ ನನಗೆ ಎಲ್ಲೂ ಸಿಗಲಿಲ್ಲ. ಅಂಗಡಿ ಮುಚ್ಚಿದೆ, ಅಜ್ಜನೂ ಇಲ್ಲ. ಫ್ಲಾಪಿ ಮಾತ್ರ ನನ್ನ ಮೇಜಿನ ಖಾನೆಯಲ್ಲಿದೆ.