‘ಅಮ್ಮ’ ಎಂದರೆ ಯಾವ ರೋಗ?

ತುರುವೇಕೆರೆ ತಾಲ್ಲೂಕಿನ ಮಾಯಸಂದ್ರವಿರಲಿ, ತೆಂಗಿನ ಸೀಮೆಯ ಬೇರೆ ಯಾವುದೇ ಊರಿರಲಿ, ಮಗುವಿಗೆ ಜ್ವರ ಬಂದು ಮೈಮೇಲೆ ಗುಳ್ಳೆ ಎದ್ದರೆ ‘ಅಮ್ಮ ಆಗಿದೆ’ ಎನ್ನುವುದನ್ನು ನೀವು ಕೇಳಿರಬಹುದು. ಬಾಗಿಲಿಗೆ ಬೇವಿನ ಸೊಪ್ಪು, ಕುಡಿಯಲು ಎಳನೀರು. ಆದರೆ ರೋಗ ಯಾವುದು?

ಸಿಡುಬು, ಸೀತಾಳೆ ಸಿಡುಬು, ದಡಾರ – ಮೂರಕ್ಕೂ ಆಡುಮಾತಿನಲ್ಲಿ ಇದೇ ಹೆಸರು. ಇವನ್ನು ಬೇರ್ಪಡಿಸಲು ವೈದ್ಯರಿಗೂ ಶತಮಾನಗಳೇ ಬೇಕಾದವು. ಸಿಡುಬಿಗೂ ದಡಾರಕ್ಕೂ ಇರುವ ವ್ಯತ್ಯಾಸವನ್ನು 10ನೆಯ ಶತಮಾನದ ಆರಂಭದಲ್ಲಿ ವಿವರವಾಗಿ ಬರೆದವನು ಪರ್ಷಿಯದ ಅಲ್-ರಾಜಿ. ಸೀತಾಳೆ ಸಿಡುಬು ಬೇರೆಯೇ ರೋಗವೆಂದು ಇಂಗ್ಲೆಂಡಿನ ವಿಲಿಯಂ ಹೆಬರ್ಡನ್ 1767ರಲ್ಲಿ ತೋರಿಸಿದ. ಅದರ ಕನ್ನಡ ಹೆಸರಿನಲ್ಲಿ ಮಾತ್ರ ‘ಸಿಡುಬು’ ಇಂದಿಗೂ ಉಳಿದಿದೆ!

ಜೆನ್ನರನ ಲಸಿಕೆ 1802ರಲ್ಲಿ ಬೊಂಬಾಯಿಗೆ ಬಂದಿತು. ಅದು ತಡೆಯುತ್ತಿದ್ದುದು ಸಿಡುಬನ್ನು ಮಾತ್ರ. ಮೈಲಿ ಹಾಕಿಸಿಕೊಂಡ ಮಗುವಿಗೆ ಮುಂದೆ ದಡಾರ ಬಂದರೆ, ‘ಮತ್ತೆ ಅಮ್ಮ ಬಂತಲ್ಲ’ ಎನ್ನುವವರಿಗೆ ಲಸಿಕೆ ಸೋತಂತೆಯೇ ಕಂಡೀತು. ಇಲ್ಲಿ ಸೋತದ್ದು ಲಸಿಕೆಯಲ್ಲ, ಪದ.

1970ರ ದಶಕದ ಸಿಡುಬು ನಿರ್ಮೂಲನ ಕಾರ್ಯದಲ್ಲಿ ಈ ವ್ಯತ್ಯಾಸವೇ ಮುಖ್ಯವಾಯಿತು. ಆರೋಗ್ಯ ಕಾರ್ಯಕರ್ತರು ಸಿಡುಬಿನ ಮಗುವಿನ ಚಿತ್ರ ಹಿಡಿದು ಮನೆಮನೆಗೆ ಹೋಗುತ್ತಿದ್ದರು. ಸಿಡುಬಿನಲ್ಲಿ ಗುಳ್ಳೆಗಳು ಮುಖ, ಕೈಕಾಲುಗಳಲ್ಲಿ ಹೆಚ್ಚು. ಅಂಗೈ, ಅಂಗಾಲುಗಳನ್ನೂ ಬಿಡುವುದಿಲ್ಲ. ಒಂದು ಭಾಗದವೆಲ್ಲ ಒಂದೇ ಹಂತದಲ್ಲಿರುತ್ತವೆ. ಸೀತಾಳೆ ಸಿಡುಬಿನಲ್ಲಿ ಎದೆ, ಬೆನ್ನಿನ ಮೇಲೆ ಹೆಚ್ಚು. ಹೊಸ ಗುಳ್ಳೆಯ ಪಕ್ಕದಲ್ಲೇ ಒಣಗಿದ ಹಕ್ಕಳೆ ಕಾಣುತ್ತದೆ. ದಡಾರದಲ್ಲಿ ನೀರುಗುಳ್ಳೆಯೇ ಇಲ್ಲ. ಕೆಂಪು ದದ್ದು, ಕೆಮ್ಮು, ನೆಗಡಿ, ಕೆಂಪಾದ ಕಣ್ಣು. ಭಾರತದ ಕೊನೆಯ ಸಿಡುಬು ಪ್ರಕರಣ ಕಂಡುಬಂದದ್ದು 1975ರ ಮೇ ತಿಂಗಳಲ್ಲಿ. 1980ರಲ್ಲಿ ಜಗತ್ತೇ ಸಿಡುಬುಮುಕ್ತವೆಂದು ಘೋಷಿತವಾಯಿತು.

ಹೀಗಾಗಿ ಈಗ ‘ಅಮ್ಮ’ ಎಂದರೆ ಸಾಮಾನ್ಯವಾಗಿ ಸೀತಾಳೆ ಸಿಡುಬು ಅಥವಾ ದಡಾರ. ದಡಾರವನ್ನು ಹಗುರವಾಗಿ ಎಣಿಸುವಂತಿಲ್ಲ. ಅದರ ಬೆನ್ನಿಗೆ ಬರುವ ನ್ಯುಮೋನಿಯ ಮಗುವಿನ ಪ್ರಾಣವನ್ನೇ ತೆಗೆಯಬಹುದು. ಅದಕ್ಕೆ ಲಸಿಕೆಯಿದೆ, 2017ರಲ್ಲಿ ಕರ್ನಾಟಕದ ಶಾಲೆಗಳಲ್ಲೂ ದಡಾರ-ರುಬೆಲ್ಲ ಲಸಿಕೆ ಹಾಕಲಾಯಿತು. ಅಮ್ಮನೆಂದು ಮಗುವನ್ನು ವೈದ್ಯರಿಗೆ ತೋರಿಸದಿದ್ದರೆ ರೋಗ ಯಾವುದೆಂದು ತಿಳಿಯುವುದಾದರೂ ಹೇಗೆ?

ಆಡುಮಾತು ಮೂರನ್ನು ಒಂದು ಮಾಡಿದಂತೆ, ಒಂದನ್ನು ಎರಡೂ ಮಾಡಿದೆ. ಸೀತಾಳೆ ಸಿಡುಬಿನ ವೈರಸ್ ವಾಸಿಯಾದ ಮೇಲೂ ನರಗಳ ಬುಡದಲ್ಲಿ ಅಡಗಿದ್ದು, ದಶಕಗಳ ನಂತರ ಸರ್ಪಸುತ್ತಾಗಿ ಏಳಬಹುದು. ಎರಡೂ ಒಂದೇ ವೈರಸ್ಸಿನವೆಂದು 1950ರ ದಶಕದಲ್ಲಿ ಥಾಮಸ್ ವೆಲ್ಲರ್ ಪ್ರಯೋಗಾಲಯದಲ್ಲಿ ತೋರಿಸಿದ. ಅಜ್ಜನ ಸರ್ಪಸುತ್ತಿನ ಗುಳ್ಳೆಯ ನೀರು ತಾಗಿ ಮೊಮ್ಮಗನಿಗೆ ಸೀತಾಳೆ ಸಿಡುಬು ಬರಬಹುದು. ಮನೆಯವರು ಒಂದನ್ನು ಸರ್ಪದ ಲೆಕ್ಕಕ್ಕೂ ಇನ್ನೊಂದನ್ನು ಅಮ್ಮನ ಲೆಕ್ಕಕ್ಕೂ ಬರೆಯುತ್ತಾರೆ.