ಮಂಗನ ಕಾಯಿಲೆ ಮಂಗ ಮುಟ್ಟಿದರೆ ಬರುತ್ತದೆಯೇ?

'ಮಂಗ ಮುಟ್ಟಿದರೆ ಮಂಗನ ಕಾಯಿಲೆ, ಆ್ಯಂಟಿಬಯಾಟಿಕ್ ನುಂಗಿದರೆ ವಾಸಿ.' ಎರಡೂ ತಪ್ಪು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗಕ್ಕೆ ಕಾರಣ ವೈರಸ್, ಹರಡುವುದು ಉಣ್ಣಿ. ಮಂಗಗಳೂ ಇದರಿಂದ ಸಾಯುತ್ತವೆ. ಸತ್ತ ಮಂಗನ ಸುತ್ತ ಸೋಂಕಿನ ಉಣ್ಣಿಗಳಿರುವುದರಿಂದ ಹತ್ತಿರ ಹೋಗಬಾರದು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ.

ಇದು ಘಟ್ಟದ ಕಾಡಿನ ರೋಗ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಬಯಲಲ್ಲಿ ಊರ ಮಂಗ ಕಂಡು ಹೆದರಬೇಕಿಲ್ಲ. ಆದರೆ ಕಿತ್ತೂರಿನ ಪಕ್ಕದ ಖಾನಾಪುರದಿಂದ ಘಟ್ಟದ ಕಾಡು ಶುರು. ಅದರಾಚೆಯ ಗೋವಾದಲ್ಲಿ 2015ರಲ್ಲಿ, ಸಿಂಧುದುರ್ಗದಲ್ಲಿ 2016ರಲ್ಲಿ ರೋಗ ಕಾಣಿಸಿಕೊಂಡಿದೆ. ಡಿಸೆಂಬರ್‌ನಿಂದ ಮೇವರೆಗೆ ಮಲೆನಾಡಿಗೆ ಕೂಲಿಗೆ ಹೋಗಿ ಬಂದವರಿಗೆ ಜ್ವರ ಬಂದರೆ, ಆ ಪ್ರಯಾಣದ ವಿಷಯ ಡಾಕ್ಟರಿಗೆ ಹೇಳಲೇಬೇಕು. ಹೇಳದಿದ್ದರೆ ಡೆಂಗಿ ಎಂದುಕೊಳ್ಳುವ ಸಾಧ್ಯತೆ ಹೆಚ್ಚು. ಎರಡರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ.

ಉಣ್ಣಿ ಕಚ್ಚಿದ 3ರಿಂದ 8 ದಿನಕ್ಕೆ ದಿಢೀರ್ ಜ್ವರ, ತಲೆನೋವು, ಮೈಕೈ ನೋವು, ವಾಂತಿ ಶುರುವಾಗುತ್ತವೆ, ಕೆಲವರಲ್ಲಿ ರಕ್ತಸ್ರಾವ. ಜ್ವರ ಬಿಟ್ಟು ಮತ್ತೆ ಮರಳಿ, ಮಿದುಳಿಗೆ ತೊಂದರೆ ಆಗುವುದೂ ಉಂಟು. ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್, ನಂತರ ಐಜಿಎಂ ಎಲಿಸಾ ಪರೀಕ್ಷೆಯಿಂದ ಪತ್ತೆ ಮಾಡುತ್ತಾರೆ.

ಈ ವೈರಸ್ಸಿಗೆಂದೇ ಔಷಧಿಯಿಲ್ಲ. ಸಲೈನ್, ಜ್ವರಕ್ಕೆ ಪ್ಯಾರಾಸಿಟಮಾಲ್, ರಕ್ತಸ್ರಾವದ ಮೇಲೆ ನಿಗಾ, ಇವೇ ಚಿಕಿತ್ಸೆ. ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವ ಹೆಚ್ಚಬಹುದು. ರೋಗ ಬಂದ ನೂರರಲ್ಲಿ 3ರಿಂದ 5 ಮಂದಿ ಸಾಯುತ್ತಾರೆ, ಆದ್ದರಿಂದ ತಡಮಾಡಬೇಡಿ.

ಮೈಗೆ ಉಣ್ಣಿ ಅಂಟಿದ್ದರೆ ಸುಡಬೇಡಿ, ಸೀಮೆಎಣ್ಣೆ ಸುರಿಯಬೇಡಿ. ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆದು, ಸೋಪಿನಿಂದ ತೊಳೆಯಿರಿ.

ಫಾರ್ವರ್ಡ್ ಮಾಡುವುದಾದರೆ ನಾವು ಹೇಳುವ ಈ ಒಂದು ಸಾಲು ಸಾಕು: ಕಾಡಿಗೆ ಹೋಗಿ ಬಂದು ಜ್ವರ ಬಂದರೆ, ಡಾಕ್ಟರಿಗೆ ಕಾಡಿನ ವಿಷಯ ಹೇಳಿ.