ಅಪರಾಧವೂ ಮನೆಯೂ

ಮಾಡಿದವನೇ ಉಣ್ಣಬೇಕೆಂಬುದು ಲೋಕೋಕ್ತಿಯಾಗಿ ಬಹಳ ಹಳೆಯದು. ಶಾಸನವಾಗಿ ಅಷ್ಟು ಹಳೆಯದಲ್ಲ. ಇಂಗ್ಲೆಂಡಿನಲ್ಲಿ ಮಧ್ಯಯುಗದಿಂದಲೂ ಘೋರಾಪರಾಧಿಯ ಚರಸ್ವತ್ತು ಅರಸನಿಗೂ ಭೂಮಿಯು ಅದರ ಮೇಲೊಡೆಯನಿಗೂ ಸೇರುತ್ತಿದ್ದುವು. ಅವನ ರಕ್ತವೇ ಕೆಟ್ಟಿತೆಂದು ಭಾವಿಸಿ ಮಕ್ಕಳಿಗೆ ದಾಯಭಾಗವನ್ನು ನಿರಾಕರಿಸುತ್ತಿದ್ದರು. ಗಲ್ಲಿಗೇರುತ್ತಿದ್ದವನು ಒಬ್ಬನು, ಬೀದಿಪಾಲಾಗುತ್ತಿದ್ದವರು ಮನೆಮಂದಿಯೆಲ್ಲರು. 1787ರಲ್ಲಿ ರಚಿತವಾದ ಅಮೆರಿಕಾದ ರಾಜ್ಯಾಂಗವು ದೇಶದ್ರೋಹಿಯ ಕಳಂಕವು ಅವನ ಸಂತತಿಯನ್ನು ಮುಟ್ಟಕೂಡದೆಂದು ವಿಧಿಸಿತು. ಇಂಗ್ಲೆಂಡು 1870ರಲ್ಲಿ ಈ ಬಗೆಯ ಮುಟ್ಟುಗೋಲನ್ನು ಶಾಸನಮೂಲಕ ತೆಗೆದುಹಾಕಿತು.

ಒಂದು ಶತಮಾನ ಕಳೆದ ಬಳಿಕ ಅದೇ ಪ್ರಶ್ನೆಯು ಇವೆರಡು ದೇಶಗಳಲ್ಲಿಯೇ ಬಡವರ ಬಾಡಿಗೆಮನೆಗಳ ವಿಷಯವಾಗಿ ಮತ್ತೆ ತಲೆದೋರಿತು. ಅಮೆರಿಕಾದಲ್ಲಿ 1937ರ ಶಾಸನದಂತೆ ಸರಕಾರದ ನೆರವಿನಿಂದ ಕಡಮೆ ಬಾಡಿಗೆಯ ಮನೆಗಳನ್ನು ಕಟ್ಟಲಾರಂಭಿಸಿದರು. ಕಾಲಾಂತರದಲ್ಲಿ ಮಾದಕವಸ್ತುಗಳ ವ್ಯಾಪಾರವು ಅಂತಹ ವಠಾರಗಳನ್ನು ಹೊಕ್ಕು, ಅಲ್ಲಿಯ ಸಂಸಾರಿಗರು ಹೆದರಿ ಬಾಳುವಂತಾಯಿತು. ಆಗ, ಅಂದರೆ 1988ರಲ್ಲಿ, ಒಕ್ಕಲಾಗಲಿ, ಮನೆಯವರಾಗಲಿ, ಅತಿಥಿಯಾಗಲಿ ಇಂತಹ ಅಪರಾಧವನ್ನೆಸಗಿದರೆ ಮನೆಯನ್ನು ಬಿಡಿಸಬಹುದೆಂಬ ಕರಾರನ್ನು ಶಾಸನವು ಕಡ್ಡಾಯಗೊಳಿಸಿತು. 1996ರಲ್ಲಿ ಅಧ್ಯಕ್ಷ ಕ್ಲಿಂಟನ್ನರು ಒಂದೇ ತಪ್ಪಿಗೆ ಹೊರಗೆಂಬ ನೀತಿಯನ್ನು ಸಾರಿದರು.

ಈ ಕರಾರಿನ ಬಲದಿಂದ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರದಲ್ಲಿ ನಾಲ್ವರು ವೃದ್ಧರನ್ನು ಒಕ್ಕಲೆಬ್ಬಿಸಲು ಹೊರಟರು. 63 ವಯಸ್ಸಿನ ಒಬ್ಬ ತಾಯಿಯ ಮಗಳು ಮೂರು ಬೀದಿಗಳಾಚೆ ಕೊಕೇನಿನೊಡನೆ ಸಿಕ್ಕಿದ್ದಳು. ಇನ್ನಿಬ್ಬರ ಮೊಮ್ಮಕ್ಕಳು ವಾಹನ ನಿಲ್ಲಿಸುವ ಬಯಲಿನಲ್ಲಿ ಗಾಂಜಾ ಸೇದಿದ್ದರು. 75 ವಯಸ್ಸಿನ ಅಂಗವಿಕಲನ ಸೇವಕಿಯ ಬಳಿ ಕೊಕೇನ್ ದೊರೆತಿತ್ತು. 2002ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟಿನ ಎಂಟು ನ್ಯಾಯಾಧೀಶರು ಒಮ್ಮತದಿಂದ ಸರಕಾರದ ಪಕ್ಷವನ್ನೆತ್ತಿಹಿಡಿದರು. ಒಕ್ಕಲಿಗೆ ಅಪರಾಧವು ತಿಳಿದಿದ್ದಿತೇ ಇಲ್ಲವೇ ಎಂಬುದು ಶಾಸನಕ್ಕೆ ಅಪ್ರಸ್ತುತವೆಂದೂ, ಇಲ್ಲಿ ಸರಕಾರವು ದಂಡಿಸುವ ಪ್ರಭುವಲ್ಲ, ಕರಾರನ್ನು ನಡೆಸಿಕೊಳ್ಳುವ ಮನೆಯ ಯಜಮಾನನೆಂದೂ ತೀರ್ಪಿನ ತಾತ್ಪರ್ಯ.

ಈ ವಾದವನ್ನು ಹಗುರವಾಗಿ ಕಾಣಲಾಗದು. ಕೇಡಿಗನನ್ನು ಇಟ್ಟುಕೊಂಡರೆ ನಿರಪರಾಧಿಗಳಾದ ನೆರೆಯವರೇ ದಂಡನೆಯನ್ನು ಅನುಭವಿಸಬೇಕಾದೀತು. ಆದರೆ ನೆರೆಯವರ ರಕ್ಷಣೆಯೇ ಕಾರಣವಾದರೆ, ಆ ಕಾರಣವೇ ಅದರ ಎಲ್ಲೆಯೂ ಆಗಬೇಕು. ಇಂಗ್ಲೆಂಡಿನಲ್ಲಿ ಈ ಎಲ್ಲೆಯನ್ನು ಮೀರಿದರು. 2011ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಎದ್ದ ದೊಂಬಿಯು ಇತರ ನಗರಗಳಿಗೂ ಹಬ್ಬಿದ ತರುವಾಯ, ದೊಂಬಿಗಾರರ ಸಂಸಾರಗಳನ್ನು ಪುರಸಭೆಯ ಮನೆಗಳಿಂದ ಬಿಡಿಸಬೇಕೆಂಬ ಕೂಗೆದ್ದಿತು; ಪ್ರಧಾನಿ ಕ್ಯಾಮೆರಾನರೂ ಅದಕ್ಕೆ ದನಿಗೂಡಿಸಿದರು. ಒಕ್ಕಲಾಗಲಿ, ಮನೆಯಲ್ಲಿರುವ ಬೇರೊಬ್ಬ ವಯಸ್ಕನಾಗಲಿ ಸಂಯುಕ್ತ ರಾಜ್ಯದ ಯಾವ ಮೂಲೆಯಲ್ಲಿ ದೊಂಬಿಯ ಅಪರಾಧವನ್ನು ಮಾಡಿದರೂ ಮನೆಯನ್ನು ಬಿಡಿಸಲು ಅದು ಆಧಾರವಾಗಬಹುದೆಂದು 2014ರ ಶಾಸನವು ವಿಧಿಸಿತು. ಬಿಡಿಸುವುದು ಯುಕ್ತವೇ ಎಂಬ ವಿವೇಚನೆಯನ್ನು ನ್ಯಾಯಾಧೀಶನಿಗೆ ಉಳಿಸಿದುದೊಂದೇ ಸಮಾಧಾನ.

ದೂರದ ಊರಿನ ದೊಂಬಿಯಿಂದ ನೆರೆಮನೆಗೆ ಯಾವ ಹಾನಿ? ಇಲ್ಲಿ ಯಜಮಾನನ ವೇಷದಲ್ಲಿ ಪ್ರಭುವೇ ಎರಡನೆಯ ಸಲ ದಂಡಿಸುತ್ತಾನೆ. ಸ್ವಂತಮನೆಯುಳ್ಳವನಿಗೆ ಅದೇ ತಪ್ಪಿಗೆ ಸೆರೆಮನೆಯೊಂದೇ. ಪುರಸಭೆಯ ಒಕ್ಕಲಿಗೆ ಸೆರೆಮನೆಯ ಮೇಲೆ ಸೂರಿನ ನಷ್ಟ. ದಂಡನೆಯು ಅಪರಾಧದ ಗಾತ್ರವನ್ನನುಸರಿಸದೆ ಬಡತನವನ್ನನುಸರಿಸುವುದು. ಅವನ ತಾಯಿಗೂ ತಂಗಿಗೂ ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆಯೆಳೆದಂತೆ. 1870ರಲ್ಲಿ ಮುಟ್ಟುಗೋಲನ್ನು ಬಿಟ್ಟವರು ಭೂಮಿಯುಳ್ಳವರ ಮಕ್ಕಳಿಗೆ ತೋರಿದ ನ್ಯಾಯವನ್ನು ಭೂಮಿಯಿಲ್ಲದವರ ಮಕ್ಕಳಿಗೂ ತೋರುವುದು ಧರ್ಮವಾಗಿದೆ.